ಕದಿರಿಲ್ಲದ ಗದ್ದೆ

ಕಿರಿಮಂಜೇಶ್ವರದ ಆಸುಪಾಸಿನಲ್ಲಿ ತುಂಡು ಗದ್ದೆ ಇರುವವರಿಗೆಲ್ಲ ಬೀಜದ ಭತ್ತವೆಂದರೆ ಕುಸುಮಾವತಿಯ ಮನೆ. ಪೇಟೆಯ ಬೀಜಕ್ಕೆ ಬೆಲೆ ಹೆಚ್ಚು; ಅಗ್ಗದ್ದು ಕೈಗೆ ಸಿಗುವಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಇವಳು ತನ್ನ ಗದ್ದೆಯ ಭತ್ತವನ್ನು ಒಣಗಿಸಿ, ಜೊಳ್ಳು ತೂರಿ, ಹುಲ್ಲಿನ ಮುಡಿ ಕಟ್ಟಿಟ್ಟು, ಊಟದ ಭತ್ತಕ್ಕಿಂತ ತುಸುವೇ ಹೆಚ್ಚಿನ ಬೆಲೆಗೆ ಕೊಡುತ್ತಾಳೆ. ಕೊಟ್ಟ ಮೇಲೂ ಸುಮ್ಮನಿರುವವಳಲ್ಲ. ಮೊಳಕೆ ಬಂತೇ, ಸಸಿ ಎದ್ದಿತೇ ಎಂದು ಮನೆಮನೆಗೆ ಹೋಗಿ ಕೇಳುತ್ತಾಳೆ. ಮಗಳನ್ನು ಕೊಟ್ಟವರೂ ಇಷ್ಟು ವಿಚಾರಿಸುವುದಿಲ್ಲ ಎಂದು ಊರವರು ನಗುತ್ತಾರೆ.

ಈ ವರ್ಷ ಚೌತಿಗೆ ಮೊದಲು ನೆರೆಯ ಕಿಟ್ಟನ ಗದ್ದೆಯ ಕಡೆ ಹೋದವಳು ಅಂಚಿನಲ್ಲೇ ನಿಂತುಬಿಟ್ಟಳು. ಹಸಿರು ಪೈರಿನ ನಡುವೆ ಅಲ್ಲಲ್ಲಿ ಉದ್ದನೆಯ ಗಿಡಗಳು ಆಗಲೇ ತೆನೆ ಹೊತ್ತಿದ್ದವು. ಬೇರೆ ತಳಿಯ ಬೆರಕೆ. ಉಳಿದ ಪೈರು ಹಣ್ಣಾಗಿ ಕಟಾವಿನ ಯಂತ್ರ ಬರುವಷ್ಟರಲ್ಲಿ ಇವುಗಳ ಕಾಳು ಉದುರಿ ಮಣ್ಣುಪಾಲು. ಬೀಜ ಕೊಟ್ಟವಳು ಅವಳೇ. ಕಿಟ್ಟ ಅವಳಿಗೆ ಏನೂ ಅನ್ನಲಿಲ್ಲ. ಬರುವ ವರ್ಷ ಪೇಟೆಯಿಂದಲೇ ತರುತ್ತೇನೆಂದು ಬೇರೆಯವರ ಹತ್ತಿರ ಹೇಳಿದ್ದನಂತೆ. ಕಿಟ್ಟ ಹೋದರೆ ಉಳಿದವರೂ ಅವನ ಹಿಂದೆಯೇ ಹೋಗುತ್ತಾರೆ.

ಬೆರಕೆ ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು. ಹೋದ ವರ್ಷ ಅವಳ ಗದ್ದೆಯಲ್ಲೂ ಇಂಥ ಗಿಡಗಳಿದ್ದವು. ಕೀಳಲು ಹೊರಟಾಗ ಅತ್ತೆ ಗೋಮತಿ ತಡೆದರು. ಹೊಸ ಕದಿರು ತಂದು ಪೂಜಿಸಿ ಬಾಗಿಲಿಗೆ ಕಟ್ಟುವ ಹೊಸ್ತಿನ ಹಬ್ಬ ಅವರ ಮನೆಯಲ್ಲಿ ಚೌತಿಯ ಬೆನ್ನಿಗೇ ಬರುತ್ತದೆ. ಅಷ್ಟು ಬೇಗ ಕದಿರು ಸಿಗುವುದು ಆ ಬೆರಕೆ ಗಿಡಗಳಲ್ಲಿ ಮಾತ್ರ; ಉಳಿದ ಪೈರು ತೆನೆ ಬಿಡುವಾಗ ನವರಾತ್ರಿ ಬಂದಿರುತ್ತದೆ.

"ಬಂದ ಕದ್ರ್ ಕಿತ್ತ್ ಬಿಸಾಡುಕಾಗ, ಹೆಣೆ" ಅಂದಿದ್ದರು. ಹೊಸ್ತಿಗೆ ಕೊಯ್ದದ್ದು ಒಂದು ಹಿಡಿ. ಮಿಕ್ಕಿದ್ದರಲ್ಲಿ ಉದುರದೆ ಉಳಿದ ಕಾಳು ಬೀಜಕ್ಕೆ ಸೇರಿತು.

ಈ ಸಲ ಅವಳು ಅತ್ತೆಯನ್ನು ಕೇಳಲಿಲ್ಲ. ತನ್ನ ಗದ್ದೆಯಲ್ಲಿ ತಲೆಯೆತ್ತಿದ ಬೆರಕೆ ಗಿಡಗಳನ್ನೆಲ್ಲ ಬುಡಸಮೇತ ಕಿತ್ತು ದನಕ್ಕೆ ಹಾಕಿದಳು. ಗೋಮತಿ ಮುಖ ಊದಿಸಿಕೊಂಡು ಮಾತು ಬಿಟ್ಟರು.

ಹೊಸ್ತಿನ ಬೆಳಿಗ್ಗೆ ಕುಸುಮಾವತಿ ಕತ್ತಿ ಹಿಡಿದು ಕಿಟ್ಟನ ಗದ್ದೆಗೇ ಹೋದಳು. ಪರರ ಗದ್ದೆಯ ಕದಿರು ತರುವುದು ಹೊಸತಲ್ಲ. ಆದರೆ ಊರಿಗೆ ಬೀಜ ಕೊಡುವವಳು ತೆನೆಗಾಗಿ ಕೈಯೊಡ್ಡಬೇಕಾಯಿತಲ್ಲ, ಅದೂ ತಾನೇ ಕೆಡಿಸಿದ ಗದ್ದೆಯಲ್ಲಿ, ಎಂದು ಅವಳಿಗೆ ತುಂಬಾ ನಾಚಿಕೆಯಾಯಿತು.

"ಎಷ್ಟ್ ಬೇಕಾರೂ ಕೊಯ್ಕಣಿ ಕುಸುಮಕ್ಕ. ನಿಮ್ದೇ ಬೀಜ ಅಲ್ದಾ" ಅಂದ ಕಿಟ್ಟ.

ಅವಳು ತಲೆ ತಗ್ಗಿಸಿ ಕೊಯ್ದಳು. ಸ್ವಂತ ಗದ್ದೆಯಲ್ಲಿ ಇಲ್ಲವೇ ಎಂದು ಅವನು ಕೇಳಿದ. ಒಂದೂ ಇಲ್ಲವೆಂದಳು. ಕಿಟ್ಟ ನಂಬದೆ ಅವಳ ಜೊತೆಗೇ ಬಂದು ಅಂಚಿನ ಮೇಲೆ ನಿಂತು ನೋಡಿದ. ಈ ತುದಿಯಿಂದ ಆ ತುದಿಯವರೆಗೆ ಪೈರು ಒಂದೇ ಎತ್ತರ. ಒಂದು ತೆನೆಯೂ ಹೊರಬಿದ್ದಿರಲಿಲ್ಲ. ಬೆರಕೆ ಕಿತ್ತ ಜಾಗಗಳನ್ನು ಅವನು ಕಣ್ಣಲ್ಲೇ ಎಣಿಸಿದ.

"ನಂಗೆ ಬಪ್ಪ ವರ್ಷಕ್ಕೆ ಎರಡ್ ಮುಡಿ ತೆಗ್ದಿಡಿ" ಅಂದು ಹೊರಟುಹೋದ.

ಮನೆಯಲ್ಲಿ ಗೋಮತಿ ಕದಿರನ್ನು ಮಣೆಯ ಮೇಲಿಟ್ಟು, ಯಾರ ಗದ್ದೆಯದೆಂದು ಕೇಳಿದರು. ಅಷ್ಟು ದಿನಗಳಲ್ಲಿ ಅದೇ ಮೊದಲ ಮಾತು. ಕಿಟ್ಟನದೆಂದು ಕುಸುಮಾವತಿ ಹೇಳಿದಳು. ಅವನು ಮತ್ತೆ ಬೀಜ ಕೇಳಿದ ಸಂತೋಷ ಅವಳಿಗೆ ತಡೆಯಲಾಗಲಿಲ್ಲ.

"ಬಪ್ಪ ವರ್ಷ ಅವ್ನ್ ಗದ್ದಿಯಗೂ ಸಿಕ್ಕುದಿಲ್ಲೆ, ಅತ್ತಿ."

ಗೋಮತಿ ಕದಿರಿಗೆ ಅರಿಶಿನ ಹಚ್ಚಿ, ಬಾಳೆನಾರಿನಿಂದ ಕಟ್ಟಿ ಮುಗಿಸಿದರು.

"ಹಾಂಗಾರೆ ಹೊಸ್ತ್ ನವರಾತ್ರಿಗ್ ಮಾಡುವ" ಅಂದರು.