ಎರಡು ಅಪೀಲು, ಒಂದೇ ವಾಯಿದೆ

ಪಕ್ಕದ ಮನೆಯವರು ಬೆಳಗ್ಗೆಯೇ ಹುಚ್ಚೆಳ್ಳು ಹುರಿಯುತ್ತಿದ್ದಾರೆ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಕೋರ್ಟು ನೆನಪಾಗುತ್ತದೆ. ನಗಬೇಡಿ, ಕಾರಣ ಇದೆ.

ನನ್ನ ತವರು ಕಣಕಟ್ಟೆ. ಅಲ್ಲಿ ನನ್ನ ಇಬ್ಬರು ತಮ್ಮಂದಿರು, ದೊಡ್ಡವನು ರಂಗ, ಚಿಕ್ಕವನು ಮೂರ್ತಿ, ತೆಂಗಿನ ತೋಟದ ಬದುವಿಗಾಗಿ ಹೊಡೆದಾಡಿಕೊಂಡರು. ತಮ್ಮನ ತಲೆ ಒಡೆದದ್ದಕ್ಕೆ ಅಣ್ಣನ ಮೇಲೆ ಕೇಸು, ಅಣ್ಣನ ಕೈ ಮುರಿದದ್ದಕ್ಕೆ ತಮ್ಮನ ಮೇಲೆ ಕೇಸು. ಇಬ್ಬರಿಗೂ ಶಿಕ್ಷೆಯಾಯಿತು, ಇಬ್ಬರೂ ಹಾಸನದ ಮೇಲಿನ ಕೋರ್ಟಿಗೆ ಅಪೀಲು ಹೋದರು. ಈ ಒಗ್ಗಟ್ಟು ತೋಟದಲ್ಲಿ ಇರಬಾರದಿತ್ತೇ! "ಅವನು ಉಂಡ ಮನೇಲಿ ನೀರೂ ಮುಟ್ಟಲ್ಲ" ಎಂದು ಇಬ್ಬರೂ ಆಣೆ ಇಟ್ಟುಕೊಂಡಿದ್ದರು.

ಆದರೆ ಹಾಸನಕ್ಕೆ ಹೋಗಲು ಅರಸೀಕೆರೆಯಲ್ಲಿ ಬಸ್ಸು ಬದಲಿಸಬೇಕು. ನಮ್ಮ ಮನೆ ಬಸ್ ಸ್ಟ್ಯಾಂಡಿನ ಹಿಂದೆಯೇ. ಕೋರ್ಟಿನ ವಾಯಿದೆಗಳೋ ಇಬ್ಬರಿಗೂ ಬೇರೆ ಬೇರೆ ದಿನ. ರಂಗ ತನ್ನ ವಾಯಿದೆಗೆ ಬಂದಾಗ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು ಹೋಗುತ್ತಿದ್ದ. ಮೂರ್ತಿ ತನ್ನ ದಿನ ಬಂದು ಅದೇ ಮಣೆಯ ಮೇಲೆ ಕೂತು ಅದನ್ನೇ ತಿನ್ನುತ್ತಿದ್ದ. "ಇನ್ನೊಂಚೂರು ಹಾಕಕ್ಕಾ, ಜಡ್ಜ್ ಮುಂದೆ ಹೊಟ್ಟೆ ಚುರುಗುಟ್ಟಬಾರ್ದು" ಅನ್ನುತ್ತಿದ್ದ. ಅಣ್ಣ ಇಲ್ಲಿ ಉಣ್ಣುವುದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಆಣೆಯೂ ಉಳಿಯಿತು, ನನ್ನ ತವರೂ ಉಳಿಯಿತು.

ಹೀಗಿರುವಾಗ ಸುದ್ದಿ ಬಂತು. ಒಂದೇ ಜಗಳದ ಅಪೀಲುಗಳಾದ್ದರಿಂದ ಎರಡನ್ನೂ ಸೇರಿಸಿ ಒಂದೇ ದಿನ ಕೇಳುತ್ತಾರಂತೆ. ನಮ್ಮ ಯಜಮಾನರು ಬೇಲೂರಿನವರು, ನಿವೃತ್ತ ಮೇಷ್ಟ್ರು, ಪಾಠ ಶುರುಮಾಡಿದರು: "ಎರಡೂ ಕಡೆಯದನ್ನ ಒಬ್ರೇ ಜಡ್ಜು ಕೇಳಿದ್ರೆ ತಾನೇ ನಿಜ ಗೊತ್ತಾಗೋದು ಕಣೇ? ಇಲ್ದಿದ್ರೆ ಒಂದು ತೀರ್ಪು ಆ ದಿಕ್ಕು, ಇನ್ನೊಂದು ಈ ದಿಕ್ಕು." ನಾನು ಅದನ್ನೆಲ್ಲ ಎಲ್ಲಿ ಕೇಳಿಸಿಕೊಂಡೆ! ಇಬ್ಬರೂ ಒಂದೇ ದಿನ ಬರುತ್ತಾರಲ್ಲ ಎಂದು ಹಿಗ್ಗಿ, ದಡ್ಡಿಯ ಹಾಗೆ, ಎರಡು ಮಣೆ ಹಾಕಿದೆ.

ಮೂರ್ತಿ ಮೊದಲು ಬಂದು ರೊಟ್ಟಿ ಮುರಿದಿದ್ದ. ಬಾಗಿಲಿಗೆ ಬಂದ ರಂಗ ಅವನನ್ನು ಕಣ್ಣಾರೆ ನೋಡಿಬಿಟ್ಟ. "ಬತ್ತೀನಿ ಕಣಕ್ಕಾ" ಎಂದು ಹೊಸ್ತಿಲಾಚೆಯಿಂದಲೇ ತಿರುಗಿದ. ಒಳಗೆ ಮೂರ್ತಿ ಎದ್ದು ಕೈ ತೊಳೆದ. ಮುಂದಿನ ವಾಯಿದೆಗಳಿಗೆ ಇಬ್ಬರೂ ಬಸ್ ಸ್ಟ್ಯಾಂಡಿನಿಂದಲೇ ಹಾಸನಕ್ಕೆ ಹೋದರು. ಕೋರ್ಟನ್ನು ದೂರಲಾರೆ, ಅದು ಸರಿಯಾದದ್ದನ್ನೇ ಮಾಡಿತು. ಆದರೂ ನನ್ನ ಮಣೆ ಎರಡೂ ಖಾಲಿ.

ಈಗ ತಾನೇ ಮೂರ್ತಿಯ ಫೋನು ಬಂತು. "ಅಕ್ಕಾ, ತೀರ್ಪಾಯ್ತು. ಎಚ್ಚರಿಕೆ ಹೇಳಿ ಇಬ್ರನ್ನೂ ಬಿಟ್ರು." ಸಂತೋಷ ಪಡಬೇಕಾದವಳಿಗೆ ಅಳು ಬಂತು. ಇನ್ನು ಅವರು ಈ ದಾರಿಯಲ್ಲೂ ಬರುವುದಿಲ್ಲ.

"ನೀವು ಬರದಿದ್ರೆ ನಾನೇ ಬರ್ತೀನಿ ಕಣೋ. ನಿನ್ನ ಮನೇಲೂ ಉಣ್ತೀನಿ, ರಂಗನ ಮನೇಲೂ ಉಣ್ತೀನಿ. ಯಾವನು ಬೇಡ ಅಂತಾನೋ ನೋಡೇಬಿಡ್ತೀನಿ!" ಎಂದು ದಬಾಯಿಸಿದೆ.

ಮೂರ್ತಿ ಮೆಲ್ಲಗೆ ಕೇಳಿದ: "ಮೊದ್ಲು ಯಾರ ಮನೆಗೆ ಬತ್ತೀಯಕ್ಕಾ?"

ಯಾರ ಹೆಸರು ಹೇಳಿದರೂ ಇನ್ನೊಬ್ಬನ ಮನೆ ತಪ್ಪುತ್ತದೆ. ನಾನು ಫೋನ್ ಇಡಲಿಲ್ಲ. ಅವನೂ ಇಡಲಿಲ್ಲ.