ಹಳ್ಳಕ್ಕೆ ಹಾಕಿದ ಮಿತಿ

ಒಂದು ಊರು ತನ್ನ ಹಳ್ಳಕ್ಕೆ ಎಷ್ಟು ಹೊಲಸು ಬಿಡಬಹುದು ಎಂದು ಹೇಳುವುದು ನನ್ನ ನೌಕರಿ. ಕೇಳಿದವರಿಗೆಲ್ಲ ಹೀಗೆ ಹೇಳಲಾಗುವುದಿಲ್ಲ. ಜಿಲ್ಲಾ ಕಚೇರಿಯಲ್ಲಿ ಪರಿಸರ ಎಂಜಿನಿಯರ್ ಎಂದು ಹೇಳಿ ಮಾತು ಮುಗಿಸುತ್ತೇನೆ. ಅವ್ವನಿಗೆ ಮಾತ್ರ ಆ ಸಂಕೋಚವಿಲ್ಲ. ಮನೆಗೆ ಬೀಗರು ಬಂದರೆ, "ನಮ್ಮಾಕಿ ಗಟಾರದ ನೀರ ಪಾಸ್ ಮಾಡ್ತಾಳ್ರಿ" ಎಂದುಬಿಡುತ್ತಾಳೆ. ಅವಳ ಮಾತು ಸುಳ್ಳಲ್ಲ. ಊರ ಕೊಳಚೆಯನ್ನು ತಿಳಿ ಮಾಡುವ ಘಟಕದಿಂದ ಹೊರಬೀಳುವ ನೀರಿನಲ್ಲಿ ಕೊಳೆ ಇಷ್ಟಕ್ಕಿಂತ ಹೆಚ್ಚಿರಬಾರದು ಎಂದು ಒಂದು ಮಿತಿ ಇರುತ್ತದೆ. ಊರು ಬೆಳೆದು ಘಟಕ ದೊಡ್ಡದಾಗುವಾಗ ಆ ಮಿತಿಯನ್ನು ಹೊಸದಾಗಿ ಗೊತ್ತುಮಾಡಬೇಕು. ಆ ಕೆಲಸದ ಕಡತಗಳು ನನ್ನ ಮೇಜಿಗೆ ಬರುತ್ತವೆ.

ಹಾಗೆ ಒಮ್ಮೆ ನಾನು ಹುಟ್ಟಿದ ಊರಿನ ಕಡತವೇ ಬಂತು. ರೋಣ, ನರಗುಂದ, ಗಜೇಂದ್ರಗಡ, ಈ ಮೂರರ ನಡುವಿನ ಸೀಮೆಯ ಊರು ಎಂದಷ್ಟೇ ಹೇಳುತ್ತೇನೆ. ತವರುಮನೆ ಇನ್ನೂ ಅಲ್ಲೇ ಇದೆ. ಹೆಸರು ಬರೆದರೆ ಅವ್ವನಿಗೆ ಸಂತೆಗೆ ಹೋಗುವುದು ಕಷ್ಟವಾದೀತು. ನಾನು ಸಾಲಿಗೆ ಹೋಗುತ್ತಿದ್ದ ಕಾಲಕ್ಕೆ ಊರು ಬಸ್ ನಿಲ್ದಾಣದ ಹತ್ತಿರ ಮುಗಿದುಹೋಗುತ್ತಿತ್ತು. ಈಗ ಅದರಾಚೆಯ ಎರೆಹೊಲಗಳಿಗೆಲ್ಲ ಗಡಿಗಲ್ಲು ನೆಟ್ಟು ಪ್ಲಾಟು ಮಾಡಿದ್ದಾರೆ. ಪುರ್ತಗೇರಿಯಿಂದ, ಅಬ್ಬಿಗೇರಿಯಿಂದ ಮಕ್ಕಳ ಓದಿಗೆಂದು ಬಂದವರು ಅಲ್ಲಿ ಮನೆ ಕಟ್ಟಿಸಿದ್ದಾರೆ. ಎಲ್ಲರ ಬಚ್ಚಲ ನೀರೂ ಪಾಯಿಖಾನೆಯ ನೀರೂ ನೆಲದೊಳಗಿನ ಕೊಳವೆಯಲ್ಲಿ ಕೂಡಿಕೊಂಡು ಊರ ಕೆಳಗಿನ ಘಟಕಕ್ಕೆ ಬರುತ್ತಿತ್ತು. ಅದು ತನ್ನ ಕೈಲಾದಷ್ಟನ್ನು ತಡೆದು ಉಳಿದದ್ದನ್ನು ಹಳ್ಳಕ್ಕೆ ಬಿಡುತ್ತಿತ್ತು.

ಘಟಕವನ್ನು ದೊಡ್ಡದು ಮಾಡುವ ವರದಿಯನ್ನು ದೂರದ ನಗರದ ಸಲಹೆಗಾರರೊಬ್ಬರು ತಯಾರಿಸಿದ್ದರು. ಹಳ್ಳದಲ್ಲಿ ವರ್ಷದ ಸರಾಸರಿ ಇಷ್ಟು ನೀರು ಹರಿಯುತ್ತದೆ, ಅದರಲ್ಲಿ ಬೆರೆತಾಗ ಕೊಳೆ ತೆಳುವಾಗುತ್ತದೆ, ಆದ್ದರಿಂದ ಸಡಿಲ ಮಿತಿ ಸಾಕು, ಲೀಟರಿಗೆ ಮೂವತ್ತು ಮಿಲಿಗ್ರಾಂ ಎಂದು ಬರೆದಿದ್ದರು. ಓದಿ ನನಗೆ ಸಿಟ್ಟಿಗಿಂತ ಮೊದಲು ನಗು ಬಂತು. ನಮ್ಮ ಹಳ್ಳಕ್ಕೆ ಸರಾಸರಿ ಎಂಬುದೇ ಇಲ್ಲ. ಮಳೆಗಾಲದಲ್ಲಿ ಒಂದೆರಡು ಸಲ ದನ ಕೊಚ್ಚಿಕೊಂಡು ಹೋಗುವಂತೆ ಬರುತ್ತದೆ. ಆ ಹೊತ್ತಿಗೆ ಕೆಳಗೆ ಹೊಳೆಆಲೂರಿನ ಬದಿಗೆ ಮಲಪ್ರಭೆಯೂ ಏರಿರುತ್ತದೆ, ದಂಡೆಯವರು ಹಾಸಿಗೆ ಗಂಟು ಕಟ್ಟಿಕೊಂಡು ಕಾಯುತ್ತಿರುತ್ತಾರೆ. ದೀಪಾವಳಿ ದಾಟಿತೆಂದರೆ ಹಳ್ಳದಲ್ಲಿ ಬರೀ ಉಸುಕು, ದಂಡೆಗೆ ಬಳ್ಳಾರಿ ಜಾಲಿ. ಆಮೇಲೆ ಅಲ್ಲಿ ಹರಿಯುವುದು ಊರ ಗಟಾರದ ನೀರೊಂದೇ. ಇಲ್ಲದ ನೀರಿನಲ್ಲಿ ಕೊಳೆಯನ್ನು ಬೆರೆಸಿ ತಿಳಿ ಮಾಡುವ ವಿದ್ಯೆ ನನಗಂತೂ ಯಾರೂ ಕಲಿಸಿರಲಿಲ್ಲ.

ಜಾಗ ನೋಡಲು ಹೋದೆ. ಘಟಕದ ಬಾಯಿಯಿಂದ ಸ್ವಲ್ಪ ಕೆಳಗೆ, ಹಳ್ಳದ ತಿರುವಿನಲ್ಲಿ, ಚಾಚಾನ ಹೊಲವಿತ್ತು. ಚಾಚಾ ನಮಗೆ ರಕ್ತಸಂಬಂಧಿಯಲ್ಲ. ನನ್ನ ಅಪ್ಪ ಬದುಕಿದ್ದಾಗ ಇಬ್ಬರೂ ಒಂದೇ ಓಣಿಯವರು. ನಮ್ಮ ಮನೆಯ ಮಕ್ಕಳೆಲ್ಲ ಆತನನ್ನು ಚಾಚಾ, ಆತನ ಹೆಂಡತಿಯನ್ನು ಚಾಚಿ ಎಂದೇ ಕರೆಯುತ್ತಿದ್ದೆವು. ಅವರದು ಸಣ್ಣ ತುಂಡು ಭೂಮಿ. ಮೊದಲು ಮಳೆ ನೆಚ್ಚಿ ಜೋಳ ಬಿತ್ತುತ್ತಿದ್ದರು. ಹಳ್ಳದಲ್ಲಿ ಬ್ಯಾಸಗಿಯಲ್ಲೂ ಗಟಾರದ ನೀರು ಹರಿಯತೊಡಗಿದ ಮೇಲೆ ಎಂಜಿನ್ ಇಟ್ಟು ನೀರೆತ್ತಿ ಮೆಂತೆ, ಹಕ್ಕರಕಿ, ಪುಂಡಿಪಲ್ಯದಂಥ ಸೊಪ್ಪು ಬೆಳೆಯಲಾರಂಭಿಸಿದರು. ಚಾಚಿ ಬುಟ್ಟಿ ಹೊತ್ತು ಓಣಿ ಓಣಿ ತಿರುಗಿ ಮಾರುತ್ತಿದ್ದಳು. ಅದು ಎಂಥ ನೀರಿನ ಪಲ್ಯ ಎಂದು ಎಲ್ಲರಿಗೂ ಗೊತ್ತಿತ್ತು. ಅವ್ವ ಉಪ್ಪುನೀರಿನಲ್ಲಿ ಎರಡೆರಡು ಸಲ ತೊಳೆಯುತ್ತಿದ್ದಳು, ಆದರೆ ಕೊಳ್ಳುವುದನ್ನು ಬಿಟ್ಟಿರಲಿಲ್ಲ. ನಮ್ಮದೇ ಹೊಲಸು ನಮಗೇ ತಿರುಗಿ ಬರುತ್ತಿತ್ತು, ಅದರಲ್ಲಿ ದೂರುವುದೇನು ಎಂಬ ಭಾವ ಅವಳದು.

ಆ ದಿನ ಚಾಚಾ ಮಡಿಯಲ್ಲಿ ನೀರು ಕಟ್ಟುತ್ತಿದ್ದ. ನನ್ನನ್ನು ಕಂಡು ಬದುವಿಗೆ ಬಂದು ಕುಳಿತ. ಆತನ ಕಾಲು ನೋಡಿ ನಾನು ಕೇಳಬೇಕೆಂದಿದ್ದ ಪ್ರಶ್ನೆಗಳು ಮರೆತುಹೋದವು. ಬೆರಳ ಸಂದಿಯಿಂದ ಮೀನಖಂಡದವರೆಗೆ ಗುಳ್ಳೆಯೆದ್ದು, ತುರಿಸಿ ತುರಿಸಿ ಚರ್ಮ ಒಣಗಿದ ತೊಗಟೆಯಂತಾಗಿತ್ತು. ಚಾಚಿಯ ಕೈಗಳೂ ಮೊಣಕೈವರೆಗೆ ಹಾಗೇ ಇದ್ದವು.

"ದವಾಖಾನ್ಯಾಗ ಮುಲಾಮ ಕೊಡ್ತಾರ ಮಗಳ," ಎಂದ ಚಾಚಾ. "ಹಚ್ಕೊಂತೀನಿ, ಮತ್ತ ಅದ ನೀರಾಗ ಇಳೀತೀನಿ."

ಎಮ್ಮೆ ಆ ನೀರಿಗೆ ಬಾಯಿ ಹಾಕುವುದಿಲ್ಲವಂತೆ. ಮಗಳ ಮನೆಯವರು ಬಂದರೆ ವಾಸನೆಗೆ ಊಟ ಮಾಡದೆ ಏಳುತ್ತಾರಂತೆ. ಇದನ್ನೆಲ್ಲ ಆತ ದೂರಿನಂತೆ ಹೇಳಲಿಲ್ಲ. ಹವಾಮಾನದ ಸುದ್ದಿ ಹೇಳಿದಂತೆ ಹೇಳಿದ. ನಾನು ಆತನಿಗೆ ವಿವರಿಸಿದೆ. ಘಟಕ ದೊಡ್ಡದಾಗುತ್ತಿದೆ, ಇನ್ನೂ ಹೆಚ್ಚು ನೀರು ಬರುತ್ತದೆ, ಈಗ ಬಿಗಿಯಾದ ಮಿತಿ ಹಾಕಿಸಿದರೆ ಕೊನೆಯ ಹಂತದ ಶೋಧಕ ಕಟ್ಟಲೇಬೇಕಾಗುತ್ತದೆ, ಆಗ ನಿನ್ನ ಹೊಲಕ್ಕೆ ಬರುವುದು ತಿಳಿನೀರು. ಸಾರ್ವಜನಿಕರ ಅಹವಾಲು ಕೇಳುವ ಸಭೆ ಇದೆ, ಬಂದು ಮಾತಾಡು ಎಂದೆ. ಚಾಚಿ ಒಪ್ಪಲಿಲ್ಲ. ದೊಡ್ಡವರ ಸಭೆಯಲ್ಲಿ ನಮಗೇನು ಕೆಲಸ, ಇದ್ದದ್ದೂ ಹೋದೀತು ಎಂದಳು. ಚಾಚಾ ಅವಳ ಕಡೆ ತಿರುಗಿ, "ಆಕಿ ನಮ್ಮ ಹುಡುಗಿ. ಸುಮ್ಮ ಕರ್ಯಾಂಗಿಲ್ಲ" ಎಂದ.

ಸಭೆ ಊರಿನ ಸಭಾಭವನದಲ್ಲಿ ನಡೆಯಿತು. ಸಲಹೆಗಾರರು ಗೋಡೆಯ ಮೇಲೆ ಚಿತ್ರಗಳನ್ನು ತೋರಿಸುತ್ತ ಹೋದರು. ನೀಲಿ ಗೆರೆಯೊಂದು ವರ್ಷವಿಡೀ ಸಮನಾಗಿ ಹರಿಯುತ್ತಿತ್ತು. ನನ್ನ ಸರದಿ ಬಂದಾಗ ಬೇಸಗೆಯಲ್ಲಿ ತೆಗೆದ ಹಳ್ಳದ ಫೋಟೋ ಹಾಕಿದೆ. ಘಟಕದ ಮೇಲ್ಭಾಗದಲ್ಲಿ ಬಿಳಿ ಉಸುಕು, ಕೆಳಭಾಗದಲ್ಲಿ ಕಪ್ಪು ನೀರು. ಬೆರೆಯಲು ನೀರೇ ಇಲ್ಲದ ತಿಂಗಳುಗಳನ್ನು ನೋಡಿ ಮಿತಿ ಹಾಕಬೇಕೇ ಹೊರತು ಮಹಾಪೂರವನ್ನು ಸೇರಿಸಿ ಹಂಚಿದ ಲೆಕ್ಕದಿಂದಲ್ಲ, ಲೀಟರಿಗೆ ಹತ್ತು ಮಿಲಿಗ್ರಾಂ ದಾಟಬಾರದು ಎಂದೆ. ವಿಜ್ಞಾನ ನಡೆಯುವುದೇ ಸರಾಸರಿಯ ಮೇಲೆ ಎಂದು ಸಲಹೆಗಾರರು ಮುಗುಳ್ನಕ್ಕರು. ಇಷ್ಟು ಸಣ್ಣ ಊರಿಗೆ ಅಷ್ಟು ಬಿಗಿ ಏಕೆ, ಮೂವತ್ತಿದ್ದರೆ ನಡೆಯುತ್ತದೆ ಎಂದು ಪುರಸಭೆಯ ಎಂಜಿನಿಯರ್ ದನಿಗೂಡಿಸಿದರು.

ಆಗ ಹಿಂದಿನ ಸಾಲಿನಿಂದ ಚಾಚಾ ಎದ್ದ. ಇಸ್ತ್ರಿ ಮಾಡಿದ ಬಿಳಿ ಪೈಜಾಮ ಹಾಕಿಕೊಂಡು ಬಂದಿದ್ದ. ಅದನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು ನಡುದಾರಿಯಲ್ಲಿ ಮುಂದಕ್ಕೆ ಬಂದ. ಕುಳಿತವರು ಕಾಲು ಹಿಂದಕ್ಕೆಳೆದುಕೊಂಡರು.

"ಇಷ್ಟ ಹೊಲಸಿದ್ರ ನಡೀತೈತಿ ಅಂದ್ರಿ ಸಾಹೇಬ್ರ," ಎಂದ. "ಅದರಾಗ ನಡಿಯೂ ಕಾಲ ಇವು. ನೋಡ್ರಿ."

ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಒಂದು ಗಳಿಗೆ ಆ ಕಾಲುಗಳನ್ನೇ ನೋಡಿ, ತಲೆ ತಗ್ಗಿಸಿ ಏನೋ ಬರೆದುಕೊಂಡರು. ಮುಂದಿನ ವಾರ ಆದೇಶ ಬಂತು. ಮೂವತ್ತಲ್ಲ, ಹತ್ತು.

ಆ ದಿನ ಸಭೆ ಮುಗಿದು ಚಹಾ ಕುಡಿಯುವಾಗ ಪುರಸಭೆಯ ಎಂಜಿನಿಯರ್ ನನ್ನ ಹತ್ತಿರ ಬಂದು ನಿಂತಿದ್ದರು. ಸಿಟ್ಟೇನೂ ಇರಲಿಲ್ಲ.

"ಹತ್ತು ಅಂದ್ರ, ಹಳ್ಳಕ್ಕ ಬಿಟ್ರ ಹತ್ತು. ಹೌದಲ್ರಿ ಮೇಡಂ?"

ಹೌದು ಎಂದೆ. ಮಿತಿ ಹಾಕುವುದೇ ಹಳ್ಳಕ್ಕೆ ಬಿಡುವ ನೀರಿಗೆ. ಅದರಲ್ಲಿ ಕೇಳುವುದೇನಿದೆ ಎಂದುಕೊಂಡೆ. ಆದೇಶ ಬಂದ ವಾರ ಚಾಚಿ ಅವ್ವನಿಗೆ ಒಂದು ಬುಟ್ಟಿ ಮೆಂತೆ ಕಳಿಸಿದ್ದಳು. ಅಷ್ಟೊಂದನ್ನು ಏನು ಮಾಡುವುದೆಂದು ಅವ್ವ ಓಣಿಗೆಲ್ಲ ಹಂಚಿದಳು.

ಘಟಕದ ಕೆಲಸ ನಡೆಯಿತು. ಹೊಸ ತೊಟ್ಟಿಗಳು ಎದ್ದವು, ಕಾಂಪೌಂಡಿಗೆ ಬಣ್ಣ ಬಂತು, ಒಳಗೆ ಹುಲ್ಲುಹಾಸು ಬಂತು. ಕೊನೆಯ ಹಂತದ ಶೋಧಕ ಮಾತ್ರ ಏಳಲಿಲ್ಲ. ಅದರ ಬದಲು ಘಟಕದಿಂದ ಉದ್ದನೆಯ ಕೊಳವೆಯೊಂದು ಹೊರಟು, ರಸ್ತೆ ದಾಟಿ, ಊರಾಚೆ ಹೊಸದಾಗಿ ಎದ್ದಿದ್ದ ಕಾರ್ಖಾನೆಗಳ ಕಡೆಗೆ ಹೋಯಿತು. ಅವರಿಗೆ ಧೂಳು ಕೂಡ್ರಿಸಲು, ಯಂತ್ರ ತಂಪು ಮಾಡಲು ನೀರು ಬೇಕಿತ್ತು. ಅಷ್ಟು ತಿಳಿಯಾದ ನೀರೇನೂ ಬೇಕಿರಲಿಲ್ಲ. ಹಳ್ಳಕ್ಕೆ ಹೋಗದ ನೀರಿಗೆ ಹಳ್ಳದ ಮಿತಿ ಅನ್ವಯಿಸುವುದಿಲ್ಲ. ಕಾಯ್ದೆ ಪ್ರಕಾರ ಎಲ್ಲವೂ ಸರಿಯಿತ್ತು. ಗಟಾರದ ನೀರನ್ನು ಒಂದು ಹನಿಯೂ ಹಳ್ಳಕ್ಕೆ ಬಿಡದ ಮಾದರಿ ಊರು ಎಂದು ಪತ್ರಿಕೆಯಲ್ಲಿ ಬಂತು. ನಮ್ಮ ಸಾಹೇಬರು ಅದನ್ನು ಕತ್ತರಿಸಿ ಸೂಚನಾ ಫಲಕಕ್ಕೆ ಅಂಟಿಸಿದರು, ನನ್ನ ಹೆಸರು ಹಿಡಿದು ಹೊಗಳಿದರು. ತಪಾಸಣೆಗೆ ಹೋದವಳು ನಾನೇ. ಹಳ್ಳಕ್ಕೆ ಬಿಡುವ ಬಾಯಿ ಒಣಗಿತ್ತು, ಅದರೊಳಗೆ ಜೇಡ ಬಲೆ ಕಟ್ಟಿತ್ತು. ‘ಮಿತಿಯ ಉಲ್ಲಂಘನೆ ಕಂಡುಬಂದಿಲ್ಲ’ ಎಂದು ಬರೆದು ಸಹಿ ಹಾಕಿದೆ. ಬರೆದದ್ದು ಖರೆಯೇ ಇತ್ತು. ಅಷ್ಟು ಖರೆ ಮಾತನ್ನು ಅಷ್ಟು ಹೇಸಿಕೆಯಿಂದ ನಾನು ಇನ್ನೊಮ್ಮೆ ಬರೆದಿಲ್ಲ.

ಅಲ್ಲಿಂದ ಚಾಚಾನ ಹೊಲಕ್ಕೆ ಇಳಿದೆ. ಮಡಿಗಳು ಬಿರುಕುಬಿಟ್ಟಿದ್ದವು, ಎರೆಮಣ್ಣು ಒಣಗಿದರೆ ಅದರ ಬಾಯಲ್ಲಿ ಮುಂಗೈ ಇಳಿಯುತ್ತದೆ. ಎಂಜಿನ್ ಮೇಲೆ ಗೋಣಿತಟ್ಟು ಹೊದಿಸಿದ್ದರು. ಚಾಚಿ ಗುಡಿಸಲ ನೆರಳಲ್ಲಿ ಪುಳ್ಳೆ ಮುರಿಯುತ್ತಿದ್ದಳು. ಅವಳು ನನಗೆ ಕೂಡು ಎನ್ನಲಿಲ್ಲ. ಚಾಚಾ ಎಲ್ಲಿ ಎಂದು ಕೇಳಿದ್ದಕ್ಕೆ, ಗಜೇಂದ್ರಗಡದ ಪೇಟೆಯಲ್ಲಿ ಹರಾಜಿನ ಸವಾಲಿನಲ್ಲಿ ಪಲ್ಯ ಹಿಡಿದು ತಳ್ಳುಗಾಡಿಯಲ್ಲಿ ಮಾರುತ್ತಾನೆ ಎಂದಳು. ಪಲ್ಯ ಬೆಳೆದವನು ಪಲ್ಯ ಕೊಂಡು ತರುತ್ತಿದ್ದ.

"ನೀರ ಎಲ್ಲಿ ಒಯ್ದಿರವಾ?" ಎಂದು ಕೇಳಿದಳು.

ಅವಳ ದನಿಯಲ್ಲಿ ಬೈಗುಳ ಇರಲಿಲ್ಲ. ನಾನು ಒಯ್ದಿಲ್ಲ ಚಾಚಿ, ಪುರಸಭೆಯವರು ಎಂದೆ. ಅವಳಿಗೆ ಆ ಭೇದ ಬೇಕಿರಲಿಲ್ಲ.

"ಹೊಲಸಾಗ್ಲಿ, ಏನ ಆಗ್ಲಿ, ನೀರಂತೂ ಇತ್ತು. ನೀವು ಬಂದ್ರಿ, ಸ್ವಚ್ಛ ಮಾಡ್ತೀವಿ ಅಂದ್ರಿ. ಮಾಡಿದ್ರಿ ನೋಡ, ಎಲ್ಲಾ ಸ್ವಚ್ಛ ಆಗೇತಿ."

ಸಂಜೆಗೆ ಚಾಚಾ ಬಂದ. ನನ್ನನ್ನು ನೋಡಿ ಮೊದಲಿನಂತೆಯೇ ನಕ್ಕ. ಕಾಲು ನೋಡು ಎಂದು ತಾನಾಗಿಯೇ ತೋರಿಸಿದ. ಗುಳ್ಳೆ ಮಾಯ್ದು ಚರ್ಮ ನುಣ್ಣಗಾಗಿತ್ತು. ನೀರಿನ ಕೆಲಸ ನಿಂತಿದ್ದಕ್ಕೆ ವಾಸಿಯಾಗಿದೆ, ಅದೊಂದು ಚಲೋ ಆಯಿತು ಎಂದ. ನನಗೆ ಸಮಾಧಾನ ಹೇಳಲು ಹಾಗಂದನೋ, ಖರೇನೇ ಅಂದನೋ ತಿಳಿಯಲಿಲ್ಲ. ಹೊರಡುವಾಗ ಬದುವಿನವರೆಗೆ ಬಂದು, "ಚಾಚಿ ಮಾತ ಮನಸಿಗೆ ಹಚ್ಕೋಬ್ಯಾಡ. ಆದ್ರ ಇನ್ಮ್ಯಾಲೆ ಮೀಟಿಂಗಿಗೆ ನನ್ನ ಕರೀಬ್ಯಾಡ ಮಗಳ" ಎಂದ.

ನಾನು ಸುಮ್ಮನೆ ಕೂಡಲಿಲ್ಲ. ಹಳ್ಳಕ್ಕೂ ಒಂದು ಪಾಲು ತಿಳಿನೀರು ಬಿಡಬೇಕು, ಕೆಳಗಿನವರು ಅದರ ಮೇಲೆ ಬದುಕಿದ್ದಾರೆ ಎಂದು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದೆ. ಸಾಹೇಬರು ಕರೆಸಿ ಕೂಡ್ರಿಸಿ ಸಮಾಧಾನದಿಂದ ತಿಳಿಹೇಳಿದರು. ಮಿತಿ ಎಂದರೆ ಇಷ್ಟಕ್ಕಿಂತ ಹೆಚ್ಚು ಬಿಡಬೇಡ ಎನ್ನುವುದು. ಇಷ್ಟಾದರೂ ಬಿಡು ಎನ್ನಲು ನಮ್ಮ ಕೈಯಲ್ಲಿ ಕಾಯ್ದೆ ಇಲ್ಲ. ಗಟಾರದ ನೀರಿನ ಮೇಲೆ ರೈತನಿಗೆ ಯಾವ ಹಕ್ಕೂ ಇಲ್ಲ. ಹಾಗೆ ನೋಡಿದರೆ ಆತ ಇಷ್ಟು ವರ್ಷ ಎತ್ತಿದ್ದೇ ಅಪರಾಧ. ಟಿಪ್ಪಣಿ ಹಿಂದಕ್ಕೆ ತಗೊಂಡರೆ ಆತನಿಗೂ ಒಳ್ಳೆಯದು ಎಂದರು. ನಾನು ಹಿಂದಕ್ಕೆ ತೆಗೆದುಕೊಂಡೆ. ಹತ್ತು ಎಂಬ ಮಿತಿ ತಪ್ಪಾಗಿತ್ತು ಎಂದು ಇಂದಿಗೂ ಅನ್ನಿಸುವುದಿಲ್ಲ. ಆ ನೀರಿನಲ್ಲಿ ಮನುಷ್ಯರು ಇಳಿಯಬಾರದಾಗಿತ್ತು. ಆದರೆ ಅವರ ಕಾಲು ಉಳಿಸಲು ಹಾಕಿದ ಮಿತಿಯನ್ನು ಹಿಡಿದೇ ಅವರ ನೀರನ್ನು ಬೇರೆಯವರಿಗೆ ಕೊಟ್ಟರು, ಕೊಟ್ಟವರ ಮೇಲೆ ಒಂದು ಕೂದಲೆಳೆಯಷ್ಟೂ ತಪ್ಪು ಉಳಿಯಲಿಲ್ಲ.

ಮಳೆಗಾಲ ಮುಗಿದ ಮೇಲೆ ಇನ್ನೊಂದು ಊರಿನ ಘಟಕದ ಕಡತ ಬಂತು. ನಮ್ಮ ಊರಿನ ಮಾದರಿಯನ್ನೇ ಅನುಸರಿಸಿರಿ ಎಂದು ಮೇಲಿನಿಂದ ಷರಾ ಇತ್ತು. ನಾನು ಈ ಸಲ ಘಟಕಕ್ಕೆ ಹೋಗುವ ಮೊದಲು ಹಳ್ಳದ ಕೆಳಗಿನ ಹೊಲಗಳಿಗೆ ಹೋದೆ. ಅಲ್ಲಿಯೂ ಎಂಜಿನ್‌ಗಳಿದ್ದವು, ಹಸಿರು ಮಡಿಗಳಿದ್ದವು, ಅದೇ ವಾಸನೆ. ನೀರಿನ ಮಾದರಿ ತೆಗೆಯಲು ಬಾಟಲಿ ಹಿಡಿದು ದಂಡೆಗೆ ಇಳಿಯುತ್ತಿದ್ದಾಗ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ಎದ್ದು ಅಡ್ಡ ಬಂದಳು. ನನಗಿಂತ ಸಣ್ಣ ವಯಸ್ಸು. ಕೈ ಮೊಣಕೈವರೆಗೆ ಕೆಂಪಾಗಿತ್ತು.

"ನೀರ ಬಂದ್ ಮಾಡಿಸಿದ ಮೇಡಂ ನೀವ ಏನ್ರಿ?"

ಸುದ್ದಿ ಹೇಗೆ ಅಲ್ಲಿಗೆ ಮುಟ್ಟಿತ್ತೋ. ನಾನು ಬಂದ ಕಾರಣ ಹೇಳಿದೆ. ನೀರು ಎಷ್ಟು ಕೆಟ್ಟಿದೆ ನೋಡಲು, ನಿಮ್ಮ ಕೈಗೆ ಹೀಗಾಗದಂತೆ ಮಾಡಲು ಎಂದೆ. ಹೇಳುತ್ತ ಹೇಳುತ್ತ ನನ್ನ ಮಾತು ಚಾಚಾನ ಬದುವಿನಲ್ಲಿ ಕುಳಿತು ಆಡಿದ ಮಾತೇ ಎಂದು ನನಗೇ ಕೇಳಿಸುತ್ತಿತ್ತು. ಅವಳು ಜಗಳ ಮಾಡಲಿಲ್ಲ. ಸೆರಗಿನಿಂದ ಕೈ ಮುಚ್ಚಿಕೊಂಡು, "ನಮ್ಮ ಕೈ ಚಲೋ ಅದಾವ್ರಿ, ನೀವು ಹೋಗ್ರಿ" ಎಂದಳು, ಮತ್ತು ನಾನು ಹೋಗುವವರೆಗೆ ದಾರಿಯಲ್ಲೇ ನಿಂತಿದ್ದಳು.