ವರ್ಲಿನ್ನನ ಎರಡು ಕಿವಿ

ವರ್ಲಿನ್ ಹೋಫರ್ ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿದವನು. ಅಮೆರಿಕದ ಅಯೋವಾ ರಾಜ್ಯದ ಹಿಮದಲ್ಲಿ ಬಸ್ಸು ಜಾರಿ ಹೊಂಡಕ್ಕಿಳಿದಾಗಲೂ ಮಕ್ಕಳಿಂದ ಹಾಡು ಹೇಳಿಸುತ್ತ ಕೂತಿದ್ದ ಆಸಾಮಿ. ಅಂಥವನು ಮಾರ್ಚ್ ತಿಂಗಳ ಒಂದು ಸಂಜೆ, ನಮ್ಮ ಹಾಡಿನ ಅಭ್ಯಾಸ ಮುಗಿದ ಮೇಲೆ, ಚರ್ಚಿನ ನೆಲಮಾಳಿಗೆಯಲ್ಲಿ ನನ್ನ ತೋಳು ಹಿಡಿದುಕೊಂಡ.

"ಎಲ್ಡನ್, ಯಾರಿಗೂ ಹೇಳ್ಬೇಡ. ಒಂದೇ ಸ್ವರ ಎಡಗಿವಿಗೆ ಒಂಥರ ಕೇಳತ್ತೆ, ಬಲಗಿವಿಗೆ ಇನ್ನೊಂಥರ. ಯಾವುದನ್ನ ನಂಬ್ಲೋ?"

"ಡಾಕ್ಟ್ರು ಏನಂದ್ರು?"

"ವಯಸ್ಸಾಯ್ತು ಅಂದ್ರು. ಅದನ್ನ ಹೇಳೋಕೆ ಡಾಕ್ಟ್ರು ಬೇಕಾ, ಕನ್ನಡಿ ಸಾಲ್ದಾ?"

ನನಗೆ ನಗು ಬರಲಿಲ್ಲ. ನಮ್ಮದು ಬಾರ್ಬರ್‌ಶಾಪ್ ಎಂಬ ಹಳೆಯ ಶೈಲಿಯ ಹಾಡಿನ ಮೇಳ, ಅದರಲ್ಲಿ ವಾದ್ಯವಿಲ್ಲ. ಶುರುವಿಗೆ ಒಂದು ಪುಟ್ಟ ಪೀಪಿಯಲ್ಲಿ ಶ್ರುತಿ ಊದುತ್ತಾರೆ, ಅಷ್ಟೇ. ಆಮೇಲೆ ನಾಲ್ಕು ದನಿಗಳು ಒಂದನ್ನೊಂದು ನಂಬಿಕೊಂಡು ಹೋಗಬೇಕು. ನಾನು ಮುಖ್ಯ ರಾಗದವನು, ವರ್ಲಿನ್ ಎಲ್ಲರಿಗಿಂತ ಕೆಳಗಿನ ದನಿಯವನು. ಸ್ಪರ್ಧೆಗೆ ಮುಂಚೆ ಪ್ರತಿಯೊಬ್ಬನೂ ಗುಂಪಿನ ಆಸರೆಯಿಲ್ಲದೆ, ದನಿಗೊಬ್ಬರಂತೆ ನಾಲ್ಕೇ ಜನ ನಿಂತು ಹಾಡಿ ಪಾಸಾಗಬೇಕು. ಫೇಲಾದವನಿಗೆ ವೇದಿಕೆಯಿಲ್ಲ. ಹೆಂಡತಿ ಡೋರೀನ್ ತೀರಿಕೊಂಡ ಮೇಲೆ ವರ್ಲಿನ್‌ಗೆ ವಾರದಲ್ಲಿ ಇದ್ದದ್ದೇ ಒಂದು ದಿನ, ನಮ್ಮ ಮಂಗಳವಾರ. ಉಳಿದ ಆರು ದಿನ ಡಬ್ಬದ ಸೂಪು ಬಿಸಿಮಾಡಿಕೊಂಡು ಟೀವಿಯೊಂದಿಗೆ ಜಗಳವಾಡುತ್ತಿದ್ದ.

"ನಾನಿದ್ದೀನಲ್ಲ, ಸುಮ್ನಿರು ಮಾರಾಯ" ಎಂದುಬಿಟ್ಟೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ! ಮೂರು ವಾರ ನನ್ನ ಕಾರಿನಲ್ಲಿ ಕೂತು ಅಭ್ಯಾಸ ಮಾಡಿದೆವು. ಒಂದು ದಿನ ಸರಿ, ಇನ್ನೊಂದು ದಿನ ತಪ್ಪು. "ಹೇಗಿತ್ತೋ?" ಎಂದು ಮಗುವಿನಂತೆ ಮುಖ ನೋಡುತ್ತಿದ್ದ. "ಫಸ್ಟ್‌ಕ್ಲಾಸ್" ಅನ್ನುತ್ತಿದ್ದೆ, ಎರಡೂ ದಿನ.

ಪರೀಕ್ಷೆಯ ದಿನ ಬಂತು. ನಮ್ಮ ನಿರ್ದೇಶಕಿ ಮರ್ಲಿಸ್ ಪೀಪಿ ಊದಿದಳು. ಮೊದಲ ಚರಣ ಚೆನ್ನಾಗಿಯೇ ಹೋಯಿತು. ಎರಡನೆಯದರ ಹೊತ್ತಿಗೆ ಪಕ್ಕದಲ್ಲಿ ವರ್ಲಿನ್ನನ ದನಿ ಕೂದಲೆಳೆಯಷ್ಟು ಇಳಿಯಿತು. ನಾನು ನನ್ನ ಶ್ರುತಿಯಲ್ಲೇ ನಿಂತರೆ ನಮ್ಮಿಬ್ಬರ ನಡುವಿನ ಬಿರುಕು ಎಲ್ಲರಿಗೂ ಕೇಳುತ್ತಿತ್ತು. ಬೇಕೆಂದೇ ನಾನೂ ಇಳಿದೆ. ಉಳಿದಿಬ್ಬರು ನನ್ನ ಹಿಂದೆ ಇಳಿದರು. ಅವನು ಇನ್ನಷ್ಟು ಇಳಿದ, ನಾನೂ ಇಳಿದೆ. ಆದರೆ ನಾಲ್ಕೂ ದನಿ ಹೊಂದಿಕೊಂಡು ಕೊನೆಯ ಸ್ವರ ಗಂಟೆಯಂತೆ ಮೊಳಗಿತು. ಗೆದ್ದೆವು ಎಂದುಕೊಂಡೆ.

ಪೆದ್ದ ನಾನು. ಹಾಡು ಮುಗಿದ ಮೇಲೆ ಪೀಪಿಯನ್ನು ಮತ್ತೊಮ್ಮೆ ಊದಿ ನೋಡುವುದು ನಮ್ಮಲ್ಲಿ ರೂಢಿ. ಭಯದಲ್ಲಿ ಅದನ್ನೇ ಮರೆತಿದ್ದೆ. ಮರ್ಲಿಸ್ ಊದಿದಳು. ನಾವು ಪೂರಾ ಒಂದು ಸ್ವರ ಕೆಳಗಿದ್ದೆವು. ಕೇಳುತ್ತ ಕೂತಿದ್ದ ಮೇಳದವರೆಲ್ಲ ತಲೆ ತಗ್ಗಿಸಿದರು.

"ರಾಗ ನಿಮ್ಮ ಕೈಲಿತ್ತು ಎಲ್ಡನ್," ಎಂದಳು ಮರ್ಲಿಸ್. "ನೀವು ಇಳಿದ್ರಿ, ಎಲ್ರನ್ನೂ ಎಳ್ಕೊಂಡು ಇಳಿದ್ರಿ. ಈ ಸಲ ನಿಮ್ಮನ್ನ ವೇದಿಕೆ ಮೇಲೆ ನಿಲ್ಸೋಕಾಗಲ್ಲ."

"ಹೌದು, ತಪ್ಪು ನನ್ನದೇ" ಎಂದಿದ್ದರೆ ವರ್ಲಿನ್ ಉಳಿಯುತ್ತಿದ್ದ. ಅವನಿಗೆ ಕೊಟ್ಟ ಮಾತು ಅದೇ ತಾನೆ? ಆದರೆ ಇಪ್ಪತ್ತೆರಡು ವರ್ಷ ನಿಂತ ಜಾಗ ಹೋಗುತ್ತದೆಂಬ ಹೆದರಿಕೆ. ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ನನ್ನ ಬೂಟು ನೋಡುತ್ತ ನಿಂತೆ.

"ಅವನನ್ನ ಯಾಕಮ್ಮ ಬೈತೀಯ?" ಎಂದ ವರ್ಲಿನ್. "ಮೊದ್ಲು ಇಳಿದೋನು ನಾನು. ನನ್ನ ಕಿವಿ ಕೆಟ್ಟಿದೆ. ಈ ದಡ್ಡ ನನ್ನ ಮಾನ ಉಳ್ಸೋಕೆ ನನ್ ಹಿಂದೇನೇ ಬಂದ."

ವರ್ಲಿನ್ ಕೈಯಲ್ಲಿದ್ದ ಟೋಪಿಯನ್ನು ಹಿಂಡುತ್ತ ಕೇಳಿದ: "ಕುರ್ಚಿ ಹಾಕೋಕೆ, ಕಾಫಿ ಕಾಯ್ಸೋಕೆ ಯಾರಾದ್ರೂ ಬೇಕಲ್ಲ? ಮಂಗಳವಾರ ಬರ್ಬೋದಲ್ವಾ ನಾನು?"

ಮರ್ಲಿಸ್ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಅದನ್ನೇ 'ಬೇಡ' ಎಂಬ ಉತ್ತರವೆಂದುಕೊಂಡು ಅವನು ಕೋಟು ತೆಗೆದುಕೊಂಡು ಮೆಟ್ಟಿಲ ಕಡೆ ನಡೆದ. ನಾನು ಓಡಿಹೋಗಿ ತೋಳು ಹಿಡಿದೆ.

"ಬರ್ಬೋದೇನು, ಬರ್ಲೇಬೇಕು. ನಾನೇ ಕಾರಲ್ಲಿ ಕರ್ಕೊಂಡು ಬರ್ತೀನಿ."

ಅವನು ನನ್ನ ಮುಖವನ್ನೇ ನೋಡಿದ. "ಅದಿರ್ಲಿ. ತಪ್ಪು ನಂದು ಅಂತ ಎಲ್ರಿಗೂ ಗೊತ್ತಾಯ್ತು, ನಿನ್ನ ಜಾಗ ಉಳೀತಲ್ಲ?"

"ಹೂಂ" ಎಂದೆ. ತಪ್ಪು ನನ್ನದು ಎನ್ನಲು ಬಾರದ ನಾಲಿಗೆ ಇದಕ್ಕೆ ಮಾತ್ರ ತಡವರಿಸಲಿಲ್ಲ.